ಟೈಲರಂಗಡಿಯ ಒದ್ದೆ ಗೋಡೆ

ಹಳೆಯ ಮಾರುಕಟ್ಟೆ ಕಟ್ಟಡದ ಮೂಲೆಯಂಗಡಿಯ ಟೈಲರನಿಗೆ ಮಳೆಗಾಲ ಬಂತೆಂದರೆ ತಲೆನೋವು. ಹೊಲಿಗೆ ಯಂತ್ರದ ಹಿಂದಿನ ಗೋಡೆ ಒದ್ದೆಯಾಗುತ್ತಿತ್ತು. ಈ ಸಲವಂತೂ ಗಿರಾಕಿಯ ಹೊಸ ಕೋಟಿಗೇ ಕಲೆ ಹತ್ತಿತು. ಮುತ್ತಾತನ ಕಾಲದ ಕಟ್ಟಡಕ್ಕೆ ಇನ್ನೇನಾಗುತ್ತದೆ ಎಂದು ಅಂಗಡಿಯವರೆಲ್ಲ ಮಾತಾಡಿಕೊಂಡರು. ಇದನ್ನು ಕೆಡವಿ ಹೊಸದು ಕಟ್ಟಿಕೊಡಿ ಎಂದು ನಗರಸಭೆಯನ್ನು ಕೇಳುವುದೆಂದಾಯಿತು. ಎಲ್ಲರಿಗಿಂತ ಮುಂದೆ ನಿಂತವನು ಟೈಲರನೇ.

ಅವನ ನಾದಿನಿ ನಗರಸಭೆಯಲ್ಲಿ ಇಂಜಿನಿಯರ್. ಹಳೆಯ ಕಟ್ಟಡಗಳ ರಿಪೇರಿ ಅವಳ ಪಾಲಿನ ಕೆಲಸ. ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಬಂದವಳ ಕಿವಿಗೆ ಸುದ್ದಿ ಬಿತ್ತು.

“ಹೊಸದು ಏಳೋವರೆಗೆ ಅಂಗಡಿ ಎಲ್ಲಿಡ್ತೀರಿ ಭಾವ?”

“ಎಲ್ಲಾದ್ರೂ ಸಿಗತ್ತೆ ಬಿಡು.”

ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಹೆಂಡತಿ ತಲೆಯೆತ್ತಿದಳು. ಕುಡಿಯುವ ನೀರಿನ ನಲ್ಲಿ, ಮಹಡಿಯ ವಾಚನಾಲಯ, ಹಿಂದಿನ ಶೌಚಾಲಯ ಎಲ್ಲವೂ ಇದೇ ಕಟ್ಟಡದಲ್ಲಿದ್ದವು.

“ಇಡೀ ಪೇಟೆಲಿ ಹೆಂಗಸರಿಗೆ ಅಂತ ಇರೋದು ಇದೊಂದೇ ಶೌಚಾಲಯ. ಅದೂ ಹೋದ್ರೆ ನಾವು ದಿನವಿಡೀ ನೀರು ಕುಡೀದೆ ಕೂತಿರಬೇಕಾ?”

ಟೈಲರನಿಗೆ ಈ ಮಾತು ಹೊಳೆದೇ ಇರಲಿಲ್ಲ. ಆದರೂ ಬಿಟ್ಟುಕೊಡುವ ಆಸಾಮಿಯಲ್ಲ. ಹೋದ ವರ್ಷ ಸಿಮೆಂಟು ಬಳಿಸಿದರೂ ತೇವ ಜಾಸ್ತಿಯೇ ಆಯಿತು, ಈ ಗೋಡೆಯ ಕಥೆ ಮುಗಿಯಿತು ಎಂದ.

ಜಾಸ್ತಿಯಾದದ್ದು ಸಿಮೆಂಟಿನಿಂದಲೇ ಎಂದಳು ನಾದಿನಿ. ಸುಣ್ಣದ ಗಾರೆಯ ಗೋಡೆ ತೇವ ಹೀರಿದರೂ ಬಿಸಿಲಿಗೆ ಹೊರಬಿಟ್ಟು ಒಣಗುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಕೂರುತ್ತದೆ.

“ನೆಂದ ಬಟ್ಟೆನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಾಗೆ, ಭಾವ.”

ಬಟ್ಟೆಯ ಮಾತು ಬಂದಮೇಲೆ ಟೈಲರ್ ಕಿವಿಗೊಟ್ಟ. ನೀರು ಎಲ್ಲಿಂದ ಬರುತ್ತದೆ ನೋಡಿಯೇ ಬಿಡೋಣ ಎಂದು ಮೂವರೂ ತಾರಸಿ ಹತ್ತಿದರು.

ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮೂಲೆಯಲ್ಲಿ ನೀರಿಳಿಯುವ ಕಂಡಿ ಕಟ್ಟಿಕೊಂಡಿತ್ತು. ನಾದಿನಿ ಕೈಹಾಕಿ ಎಳೆದಳು. ಬಣ್ಣಬಣ್ಣದ ಬಟ್ಟೆ ಚೂರುಗಳ ಗಂಟೊಂದು ಈಚೆ ಬಂತು.

ಟೈಲರನ ಮುಖ ಇಷ್ಟೇ ಇಷ್ಟಾಯಿತು. ಕಂಡಿಯ ನೀರು ಅಂಗಡಿ ಬಾಗಿಲಲ್ಲಿ ಗಿರಾಕಿಗಳ ತಲೆಯ ಮೇಲೆ ಸುರಿಯುತ್ತದೆಂದು ಹಿಂದೊಮ್ಮೆ ಅವನೇ ತುರುಕಿ ಬಂದಿದ್ದ. ತುರುಕಿದ್ದನ್ನು ಮರೆತೂ ಬಿಟ್ಟಿದ್ದ.

“ನಿಮ್ಮ ಕೆಲಸ ಯಾವತ್ತೂ ಗಟ್ಟಿ,” ಅಂದಳು ಹೆಂಡತಿ.

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಗಿರಾಕಿಗಳೂ ನೆನೆಯಬಾರದು, ಗೋಡೆಯೂ ನೆನೆಯಬಾರದು, ಅದಕ್ಕೇನು ದಾರಿ ಎಂದು ನಾದಿನಿಯನ್ನು ಮೆಲ್ಲಗೆ ಕೇಳಿದ.

“ಕಂಡಿಗೊಂದು ಪೈಪು ಜೋಡಿಸಿ ಚರಂಡಿಗೆ ಇಳಿಸಿದ್ರಾಯ್ತು. ಇಷ್ಟಕ್ಕೆ ಕಟ್ಟಡ ಕೆಡವ್ತಾರಾ?”

ಮರುದಿನ ಟೈಲರ್ ಅಂಗಡಿ ಅಂಗಡಿಗೂ ಹೋಗಿ ತನ್ನ ಘನಕಾರ್ಯವನ್ನು ತಾನೇ ಹೇಳಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ತಲೆಯ ಮೇಲಿನ ಕಂಡಿ ನೋಡಲು ಹೊರಟರು. ಕೆಲವಕ್ಕೆ ಅಂಗಡಿಯ ಬೋರ್ಡೇ ಅಡ್ಡವಾಗಿತ್ತು. ಕೆಡವಿ ಎಂದು ಕೇಳಬೇಕಿದ್ದವರು ಪೈಪು ಹಾಕಿಸಿಕೊಡಿ, ಶೌಚಾಲಯಕ್ಕೊಂದು ದೀಪ ಕೊಡಿ ಎಂದು ಕೇಳಿದರು. ನಗರಸಭೆ ಎರಡನ್ನೂ ಮಾಡಿಸಿತು. ಸಿಮೆಂಟು ಕೆತ್ತಿಸಿ ಸುಣ್ಣದ ಗಾರೆ ಬಳಿಸಿತು. ಗೋಡೆ ನಿಧಾನವಾಗಿ ಒಣಗಿತು. ಈಗ ಟೈಲರ್ ಕೋಟುಗಳನ್ನು ಅದೇ ಗೋಡೆಗೆ ನೇತುಹಾಕುತ್ತಾನೆ.

ನಿಮ್ಮೂರಲ್ಲೂ ಇಂಥ ಹಳೆಯ ಕಟ್ಟಡ ಇದ್ದೀತು. ಮಳೆಗಾಲಕ್ಕೆ ಮೊದಲು ಅದರ ನೀರಿನ ಕಂಡಿಗಳಲ್ಲಿ ಕಟ್ಟಿಕೊಂಡದ್ದನ್ನು ಬಿಡಿಸಿ. ಸುಣ್ಣದ ಗೋಡೆಗೆ ಸಿಮೆಂಟು ಬಳಿಸಬೇಡಿ. ಬಿರುಕು ಕಂಡರೆ ನಗರಸಭೆಗೆ ತಿಳಿಸಿ. ಕೆಡವಿ ಎನ್ನುವ ಮುಂಚೆ ಒಮ್ಮೆ ತಾರಸಿ ಹತ್ತಿ ನೋಡಿ. ಅಲ್ಲಿ ನೀವೇ ತುರುಕಿ ಮರೆತದ್ದೇನಾದರೂ ಸಿಕ್ಕೀತು.