ಶರಣಬಸಮ್ಮನ ಕರಡಿಗೆ

ಗುರುವಪ್ಪನಿಗೆ ಪುಸ್ತಕದ ಹುಚ್ಚು ಹತ್ತಿದ್ದು ಡೊಂಬಿವಲಿಗೆ ಬಂದ ಮೇಲೆ. ಅಲ್ಲಿನ ಕೈಗಾರಿಕಾ ವಸಾಹತು ಎಂಐಡಿಸಿಯ ಬಣ್ಣದ ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಬೆಳಗಿನಿಂದ ಸಂಜೆತನಕ ಅದೇ ಡ್ರಮ್ಮು, ಅದೇ ಚಲನ್, ಅದೇ ಕೊಳೆತ ಮೊಟ್ಟೆಯ ನಾತ. ಮನುಷ್ಯ ಬದುಕಬೇಕಲ್ಲ! ಮನೆಗೆ ಬಂದು ಕೈಕಾಲು ತೊಳೆದವನೇ ಜಾವಾದ ಗುಡಿ, ಚೀನಾದ ಪಿಂಗಾಣಿ, ಅರಬ್ಬರ ಹಡಗು ಅಂತ ರದ್ದಿ ಅಂಗಡಿಯಿಂದ ತಂದ ಪುಸ್ತಕಗಳಲ್ಲಿ ಮುಳುಗುತ್ತಿದ್ದ. ಸಮುದ್ರ ದಾಟೋದು ಒತ್ತಟ್ಟಿಗಿರಲಿ, ಈ ಮಹಾರಾಯ ಎಲಿಫೆಂಟಾಕ್ಕೆ ಹೋಗುವ ಲಾಂಚನ್ನೂ ಹತ್ತಿದವನಲ್ಲ. ಕುಂತಲ್ಲೇ ದೇಶ ತಿರುಗುವವರಿಗೆ ಚಪ್ಪಲಿ ಸವೆಯೋದಿಲ್ಲ ಅಂತ ಹೆಂಡತಿ ಶರಣಬಸಮ್ಮ ನಗುತ್ತಿದ್ದಳು. ಮಕ್ಕಳಿರಲಿಲ್ಲ. ಒಬ್ಬರಿಗೊಬ್ಬರು ಅಂತ ಇದ್ದರು, ಚೆನ್ನಾಗಿಯೇ ಇದ್ದರು.

ಠಾಣೆಯ ಕಾಲೇಜಿನಲ್ಲಿ ಪಾಠ ಹೇಳುವ ಪ್ರಫುಲ್ಲಾ ಮೇಡಂ ಪರಿಚಯವಾದದ್ದೂ ಆ ರದ್ದಿ ಅಂಗಡಿಯಲ್ಲೇ. ಏಷ್ಯಾದ ವ್ಯಾಪಾರಿಗಳ ಬೆನ್ನಿಗೆ ಅವರ ದೇವರುಗಳು ಹೇಗೆ ಊರೂರು ತಿರುಗಿದವು ಅಂತ ಆಕೆ ಪುಸ್ತಕ ಬರೆಯುತ್ತಿದ್ದರು, ಜೊತೆಗೊಂದು ಪ್ರದರ್ಶನವನ್ನೂ ಮಾಡುವವರಿದ್ದರು. ಏನೋ ಪುಸ್ತಕ ಕೇಳಲು ಮನೆಗೆ ಬಂದಾಗ ಅವರ ಕಣ್ಣು ಶರಣಬಸಮ್ಮನ ಕೊರಳಿಗೆ ಬಿತ್ತು. ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ. ತವರಿನವರು ಹುಬ್ಬಳ್ಳಿಯಿಂದ ಕುಮಟೆ ಬಂದರಿಗೆ ಹತ್ತಿ ಸಾಗಿಸುತ್ತಿದ್ದ ಕಾಲದಲ್ಲಿ ಮುತ್ತಜ್ಜಿಗೆ ಅಂತ ಮಾಡಿಸಿದ್ದು. ಅದರ ಮೇಲೆ ಹಾಯಿ ಬಿಚ್ಚಿದ ಒಂದು ಹಡಗು ಕೆತ್ತಿತ್ತು. ಇಂಥದ್ದನ್ನ ಎಲ್ಲೂ ನೋಡಿಲ್ಲ, ಪ್ರದರ್ಶನಕ್ಕೆ ಕೊಡ್ತೀರಾ ಅಂತ ಮೇಡಂ ಕೇಳಿದರು. ಗುರುವಪ್ಪನ ಎದೆ ಉಬ್ಬಿತು.

ಶರಣಬಸಮ್ಮ ಮಾತ್ರ ಸುತಾರಾಂ ಒಪ್ಪಲಿಲ್ಲ. ಉಸಿರಿರೋತನಕ ಇದು ಮೈಮ್ಯಾಲಿಂದ ಇಳಿಯೂದಿಲ್ಲ ಅಂದುಬಿಟ್ಟಳು. ಗಂಡನ ಭಕ್ತಿ ಅಷ್ಟಕ್ಕಷ್ಟೆ. ಅವನದೂ ಲಿಂಗ ಇತ್ತು, ಅಂಗಿಯೊಳಗೆ ವಸ್ತ್ರದಲ್ಲಿ ಕಟ್ಟಿದ್ದು. ಜಳಕವಾದ ಮೇಲೆ ಕಣ್ಣಿಗೊತ್ತಿಕೊಂಡರೆ ಮುಗಿಯಿತು. ಆಕೆ ಹಾಗಲ್ಲ. ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ, ಮೈ ಸುಡುವ ಜ್ವರ ಬಂದ ದಿನವೂ, ಗುಟುಕು ನೀರು ಬಾಯಿಗೆ ಬಿಟ್ಟವಳಲ್ಲ.

ಎಂಬತ್ತೆರಡರ ಶ್ರಾವಣದಲ್ಲಿ ಆಕೆಗೆ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾಯಿತು. ಸ್ಟೇಷನ್ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಶನಿವಾರ ಆಪರೇಷನ್. ಮೈಮೇಲೆ ಏನೂ ಇರಬಾರದು ಅಂತ ನರ್ಸು ಬಳೆ ಬಿಚ್ಚಿಸಿದಳು, ತಾಳಿ ಬಿಚ್ಚಿಸಿದಳು. ಕರಡಿಗೆಯನ್ನು ಮಾತ್ರ ಶರಣಬಸಮ್ಮ ತಾನೇ ತೆಗೆದು, ಕಣ್ಣಿಗೊತ್ತಿಕೊಂಡು, ಗಂಡನ ಬೊಗಸೆಗೆ ಹಾಕಿದಳು. ಎಚ್ಚರಾದ ಕೂಡಲೆ ಕೈಯಾಗ ಕೊಡ್ರಿ ಅಂದಳು. ಗುರುವಪ್ಪ ಹೂಂ ಅಂದ.

ಮಾರನೆ ದಿನ, ಭಾನುವಾರ, ಠಾಣೆಯ ಒಂದು ಹಾಲ್‌ನಲ್ಲಿ ಪ್ರದರ್ಶನದ ಉದ್ಘಾಟನೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ನೋವಿನ ಸೂಜಿಯ ಮಂಪರು ಇಳಿದು ಆಕೆಗೆ ಪೂರಾ ಎಚ್ಚರಾಗೋದು ಸಂಜೆಗೆ, ಅಷ್ಟರೊಳಗೆ ತಂದರಾಯಿತು ಅಂತ ಅವನ ಲೆಕ್ಕ. ಲಿಂಗ ತೆಗೆದಿಟ್ಟು ಬರೀ ಕರಡಿಗೆ ಒಯ್ಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು, ಗಂಡನಾದರೂ ಅಷ್ಟೆ. ಆ ಒಂದು ಶಾಸ್ತ್ರ ಮಾತ್ರ ಅವನಿಗೆ ಸರಿಯಾಗಿ ನೆನಪಿತ್ತು. ಮುಚ್ಚಿದ ಕರಡಿಗೆಯನ್ನು ಮುಚ್ಚಿದ ಹಾಗೇ ಒಯ್ದು, ತೆರೆಯಬೇಡಿ ಅಂತ ಹೇಳಿ, ಹೆಂಡತಿ ಒಪ್ಪಿದಳು ಅಂತ ಸುಳ್ಳನ್ನೂ ಹೇಳಿ ಕೊಟ್ಟ. ಬರ್ಮಾದ ಬುದ್ಧನಿಗೂ ಚೀನಾದ ಹೂಜಿಗೂ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಅದು ಕೂತಿತು. ಕೆಳಗೆ ಚೀಟಿಯಲ್ಲಿ ಇವನ ಹೆಸರು. ದೊಡ್ಡ ದೊಡ್ಡವರು ಬಂದು ಕೈಕುಲುಕಿದರು. ಸಂಜೆ ವಾಪಸ್ ಕೇಳಬೇಕು ಅಂದುಕೊಂಡವನ ಬಾಯಿ, ಆ ಮಂದಿಯ ಮುಂದೆ, ಏಳಲೇ ಇಲ್ಲ.

ಇತ್ತ ಎಚ್ಚರಾದ ಶರಣಬಸಮ್ಮ ಎಡಗೈ ಚಾಚಿದಳು. ಮನ್ಯಾಗೈತಿ, ನಾಳೆ ತರ್ತೀನಿ ಅಂದ ಗುರುವಪ್ಪ. ಆಕೆ ಕಣ್ಣು ಮುಚ್ಚಿ ಮಲಗಿದಳು.

ಸೋಮವಾರ ಬೆಳಿಗ್ಗೆ ಡಾಕ್ಟರು, ಇನ್ನು ಸಲಾಯಿನ್ ಒಂದೇ ಸಾಲದು, ಗುಳಿಗೆ ನುಂಗಬೇಕು, ನೀರು ಕುಡಿಯಬೇಕು ಅಂದರು. ಆಕೆ ತುಟಿ ಬಿಗಿದಳು. ಪಕ್ಕದ ಊರು ಕಲ್ಯಾಣದಿಂದ ಬಂದಿದ್ದ ಆಕೆಯ ಅಕ್ಕ ಮಹಾದೇವಕ್ಕ ಕೈಮುಗಿದು ಬೇಡಿಕೊಂಡರೂ ಇಲ್ಲ. ಗುರುವಪ್ಪ ಠಾಣೆಗೆ ಓಡಿದ. ಸೋಮವಾರ ಹಾಲ್ ಬಂದ್. ಕೀಲಿ ಮೇಡಂ ಹತ್ತಿರ, ಮೇಡಂ ಅತಿಥಿಗಳನ್ನು ಕರಕೊಂಡು ಪುಣೆಗೆ ಹೋಗಿದ್ದಾರೆ, ನಾಳೆ ಬರ್ತಾರೆ ಅಂತ ಕಾವಲುಗಾರ ಮರಾಠಿಯಲ್ಲಿ ಹೇಳಿ ಬೀಡಿ ಹಚ್ಚಿದ. ಗುರುವಪ್ಪ ಬಾಗಿಲು ಜಗ್ಗಿದ, ಅತ್ತ. ಕಾವಲುಗಾರ ತಾನೇನು ಮಾಡಲಿ?

ವಾಪಸ್ ಬರುವಾಗ ಲೋಕಲ್‌ನಲ್ಲಿ ಒಂದು ಯೋಚನೆ ಬಂತು. ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಿಂತು ತನ್ನ ಕೊರಳಿನ ಲಿಂಗ ತೆಗೆದ. ಒಳಗೆ ಹೋಗಿ, ಕಣ್ಣು ಮುಚ್ಚಿದ್ದ ಹೆಂಡತಿಯ ಎಡಗೈಯಲ್ಲಿ ಇಟ್ಟ. ಆಕೆಯ ಮುಖ ಅರಳಿತು. ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಬೆರಳು ಅಲ್ಲೇ ನಿಂತಿತು.

"ಇದು ನಿಮ್ದು," ಅಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ನನ್ದೆಲ್ಲೈತ್ರಿ?"

ಇನ್ನು ಸುಳ್ಳು ಹೇಳುವ ತ್ರಾಣ ಅವನಿಗಿರಲಿಲ್ಲ. "ಠಾಣೆದಾಗ ಐತಿ. ಪ್ರದರ್ಶನದಾಗ."

"ಮಂದಿ ನೋಡಾಕತ್ತಾರೇನು?"

"ನೋಡಾಕತ್ತಾರ."

ಆಕೆ ಕೇಳಿದಳು: "ಪೂಜಾ ಯಾರ್ ಮಾಡಾಕತ್ತಾರ?"

ಆಮೇಲೆ ಅವನ ಲಿಂಗವನ್ನು ಅವನ ಕೈಗೇ ಕೊಟ್ಟು, ಬರಿಗೊರಳಾಗ ಇರಬ್ಯಾಡ್ರಿ, ಹಾಕ್ಕೋರಿ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನಾಳೆ ಬಾಗಿಲು ತೆರೆಯೋ ಹೊತ್ತಿಗೆ ಹೋಗಿ ತರ್ತೀನಿ, ಇವತ್ತೊಂದು ದಿನ ನೀರು ಕುಡಿ ಅಂತ ಅವನು ಆಕೆಯ ಕಾಲು ಹಿಡಿದ. ತರ್ರಿ, ಆಮ್ಯಾಲೆ ಕುಡೀತೀನಿ ಅಂದಳು. ರಾತ್ರಿ ಮೈ ಕಾದು ಬೆಂಕಿಯಾಯಿತು. ಡಾಕ್ಟರು ಸೂಜಿ ಚುಚ್ಚಿದರು, ಮೂಗಿನಿಂದ ನಳಿಗೆ ಹಾಕಲು ನೋಡಿದರು, ಆಕೆ ಕಿತ್ತೆಸೆದಳು.

ಮಂಗಳವಾರ ಹಾಲ್‌ನ ಬಾಗಿಲು ತೆರೆಯುವ ಮೊದಲೇ ಗುರುವಪ್ಪ ಅಲ್ಲಿದ್ದ. ಸಂಗತಿ ಕೇಳಿ ಪ್ರಫುಲ್ಲಾ ಮೇಡಂ ಬಿಳಿಚಿಕೊಂಡರು. ಒಳಗೆ ಲಿಂಗ ಇದೆ ಅಂತ ಯಾಕೆ ಹೇಳಲಿಲ್ಲ ಅಂದರು. ಗಾಜಿನ ಪೆಟ್ಟಿಗೆಯ ಕೀಲಿ ತೆಗೆದರು. ಅವನು ಕರಡಿಗೆಯನ್ನು ಎದೆಗವಚಿಕೊಂಡು ಸ್ಟೇಷನ್ನಿಗೆ ಓಡಿದ. ಮಳೆಗೆ ಗಾಡಿಗಳು ತಡವಾಗಿದ್ದವು. ಬಂದ ಗಾಡಿಯ ಬಾಗಿಲಲ್ಲಿ ಜೋತುಬಿದ್ದು ಬಂದ.

ಮಹಾದೇವಕ್ಕ ವಾರ್ಡಿನ ಬಾಗಿಲಲ್ಲೇ ಕೂತಿದ್ದಳು. ಅವನನ್ನು ನೋಡಿ ಎದ್ದು ನಿಂತಳು. ಅಳು ಆಗಲೇ ಮುಗಿದಿತ್ತು.

"ಕಡೀಕ ಚಮಚೆದಾಗ ನೀರ ಹಿಡದೆ. ಮಾರಿ ಹೊಳ್ಳಿಸಿದ್ಲು. ಅವರು ತರಾಕ ಹೋಗ್ಯಾರ, ಇನ್ನೇನು ಬರ್ತಾರ, ತಡಿ ಅಂದ್ಲು."

ಗುರುವಪ್ಪ ಒಳಗೆ ಹೋದ. ಚಾದರದ ಹೊರಗೆ ಆಕೆಯ ಎಡಗೈ ಬಿಚ್ಚಿಕೊಂಡೇ ಇತ್ತು. ಅವನು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ಕರಡಿಗೆಯನ್ನು ಅದರಲ್ಲಿಟ್ಟ, ಒಂದೊಂದೇ ಬೆರಳು ಮಡಿಸಿದ. ಅವು ಮಡಿಸಿದ ಹಾಗೆ ನಿಲ್ಲಲಿಲ್ಲ. ಕ್ರಿಯಾಕರ್ಮಕ್ಕೆ ಕಲ್ಯಾಣದಿಂದ ಸ್ವಾಮಿಗಳು ಬರುವತನಕ ಆ ಮುಷ್ಟಿಯನ್ನು ಅವನೇ ಹಿಡಿದುಕೊಂಡು ಕೂತಿದ್ದ.