ರೋಜಿ ಎದ್ದಳಾ?

"ತಲೆ ಕಡೆ ಮೇಲಕ್ಕೆತ್ರಪ್ಪಾ, ಮೇಲಕ್ಕೆ," ಎಂದು ಗೆರ್ಗೆಯ್ ಮುದುಕ ಹೇಳುತ್ತಲೇ ಇದ್ದ. ಹೆಗಲು ಕೊಟ್ಟವರು ಕೇಳಿಸಿಕೊಳ್ಳದೆ ಶವಪೆಟ್ಟಿಗೆಯನ್ನು ಓರೆಯಾಗಿಯೇ ದೋಣಿಗೆ ಇಳಿಸಿದರು. ಗಾಡಿ, ದನ, ಜನ ಎಲ್ಲವನ್ನೂ ಹೊತ್ತು ಪಳಗಿದ ಆ ಚಪ್ಪಟೆ ದೋಣಿ ಕೊಂಚ ವಾಲಿ ಮತ್ತೆ ನೆಟ್ಟಗಾಯಿತು. ಎಟೆಲ್ಕಾ ಗಂಡನ ಪೆಟ್ಟಿಗೆಯ ಪಕ್ಕದಲ್ಲಿ ನಿಂತಳು. ಮಗ ಬಾಲಿಂತ್, ನದಿಗೆ ಅಡ್ಡಲಾಗಿ ಕಟ್ಟಿದ್ದ ಉಕ್ಕಿನ ಹಗ್ಗ ಹಿಡಿದು ಎಳೆಯತೊಡಗಿದ.

ನಲವತ್ತೆಂಟು ವರ್ಷ ತೀಸಾ ನದಿಯ ಈ ಕಡವಿನ ಅಂಬಿಗನಾಗಿದ್ದ ಅಂಬ್ರೂಶ್, ಮೊದಲ ಸಲ ಕೈಕಟ್ಟಿಕೊಂಡು ದಾಟುತ್ತಿದ್ದ.

"ಅಕ್ಕಾ, ಪಟ್ಟಣದ ಸ್ಮಶಾನ ಇಲ್ಲೇ ಇತ್ತಲ್ಲ," ತಂಗಿ ರೋಜಿ ಮೆಲ್ಲಗೆ ಕೇಳಿದಳು. "ಭಾವನ್ನ ನಮ್ಮೂರಿಗೆ ಯಾಕೆ ಕರ್ಕೊಂಡ್ಹೋಗ್ತಿದೀಯ?"

"ಅವರೇ ಹೇಳಿದ್ದು ಕಣೇ. ದಿನಕ್ಕೆ ಇಪ್ಪತ್ತು ಸಲ ಆ ದಡಕ್ಕೆ ಹೋಗಿದೀನಿ, ಒಂದು ರಾತ್ರೀನೂ ಅಲ್ಲಿ ಮಲಗಿಲ್ಲ. ನಿಮ್ಮೂರಲ್ಲಿ ನಿದ್ದೆ ಹೇಗೆ ಬರುತ್ತೋ ನೋಡ್ಬೇಕು ಅಂದ್ರು."

ರೋಜಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

"ನಗು, ನಗು," ಎಂದ ಗೆರ್ಗೆಯ್. "ನಿನ್ನ ದೆಸೆಯಿಂದ ನನ್ನನ್ನ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದ ಮಹರಾಯ. ಕರು ಬೇರೆ ಜೊತೇಲಿತ್ತು. ನಾನಿನ್ನೂ ಮರೆತಿಲ್ಲ."

"ಮರೀಬೇಡಿ ಮಾಮ," ಎಂದಳು ಎಟೆಲ್ಕಾ.

*

ಯುದ್ಧ ಸೋತ ಮರುವರ್ಷದ ಜುಲೈ ತಿಂಗಳು; ನೋಟಿನ ಬೆಲೆ ಗಂಟೆಗಂಟೆಗೂ ಕುಸಿಯುತ್ತಿದ್ದ ಕಾಲ. ಎಂಟು ವರ್ಷದ ರೋಜಿ ಜ್ವರ ಹಿಡಿದು ಹಾಸಿಗೆ ಬಿಟ್ಟೇಳದೆ ಒಂಬತ್ತು ದಿನವಾಗಿತ್ತು. ಮನೆಯಲ್ಲಿ ಉಳಿದಿದ್ದ ಒಂದೇ ಹೆಬ್ಬಾತನ್ನು ಅವ್ವ ಎಟೆಲ್ಕಾಳ ಕಂಕುಳಿಗಿಟ್ಟು, ಮಾರಿ ಔಷಧ ತಾ ಎಂದು ಪಟ್ಟಣಕ್ಕೆ ಕಳಿಸಿದಳು. ಬೆಳಿಗ್ಗೆಯೇ ಅದು ಒಳ್ಳೆಯ ಬೆಲೆಗೆ ಹೋಯಿತು. ತಲೆವಸ್ತ್ರದ ತುಂಬ ಪೆಂಗೊ ನೋಟು. ಔಷಧದಂಗಡಿಯಲ್ಲಿ ಅವಳ ಸರದಿ ಬರುವಷ್ಟರಲ್ಲಿ ಅಂಗಡಿಯವನು ಮೂರು ಸಲ ಬೆಲೆ ಅಳಿಸಿ ಬರೆದಿದ್ದ. ಆ ಗಂಟಿಗೆ ಅರ್ಧ ಮಾತ್ರೆಯೂ ಬರುವಂತಿರಲಿಲ್ಲ.

ಬರಿಗೈಯಲ್ಲಿ ಕಡವಿಗೆ ಬಂದು ನಿಂತಳು.

"ಅಳೋರನ್ನ ಹತ್ತಿಸಲ್ಲ, ದೋಣಿ ಭಾರ ಆಗುತ್ತೆ," ಎಂದ ಅಂಬ್ರೂಶ್. ಆಮೇಲೆ ಯಾಕೆ ಎಂದು ಕೇಳಿದ. ಅವಳು ಹೇಳಿದ್ದನ್ನು ಪೂರ್ತಿ ಕೇಳಿ, "ಆ ಅಂಗಡಿಯವನು ಹಂದಿಮಾಂಸ ತಿಂತಾನಾ?" ಎಂದ.

ಆ ದಿನಗಳಲ್ಲಿ ಅವನು ನೋಟು ಮುಟ್ಟುತ್ತಿರಲಿಲ್ಲ. ಅಂದಿನ ದುಡಿಮೆ ಹನ್ನೊಂದು ಮೊಟ್ಟೆ, ಒಂದಿಷ್ಟು ಈರುಳ್ಳಿ, ಉಪ್ಪು ಹಾಕಿ ಒಣಗಿಸಿದ ಅಂಗೈಯಗಲದ ಹಂದಿಮಾಂಸ. ಎಲ್ಲವನ್ನೂ ಚೀಲಕ್ಕೆ ತುಂಬಿ, ದೋಣಿ ಕಟ್ಟಿಹಾಕಿ, ಅವಳೊಂದಿಗೆ ಪಟ್ಟಣದ ಕಡೆ ಹೊರಟ.

"ಏಯ್, ನಮ್ಮ ಗತಿ ಏನಯ್ಯಾ?" ಕರುವಿನ ಹಗ್ಗ ಹಿಡಿದಿದ್ದ ಗೆರ್ಗೆಯ್ ಕೂಗಿದ.

"ಈಜೋಕೆ ಬಂದ್ರೆ ಈಜು."

ಅಂಗಡಿಯವನು ಮಾಂಸ ಮೂಸಿ ನೋಡಿ, ಒಳಗೆ ಹೋಗಿ ಪೊಟ್ಟಣ ತಂದುಕೊಟ್ಟ. ವಾಪಸು ಬರುವಾಗ ಅಂಬ್ರೂಶ್ ಕೇಳಿದ್ದು ಒಂದೇ: "ಆ ಮಗು ಹೆಸರೇನು?"

ಮರುದಿನದಿಂದ ಅವಳ ಊರಿನ ಯಾರು ದೋಣಿ ಹತ್ತಿದರೂ ಅವನ ಮೊದಲ ಮಾತು, "ರೋಜಿ ಎದ್ದಳಾ?" ಹದಿನಾಲ್ಕನೇ ದಿನ ರೋಜಿಯೇ ಅಕ್ಕನ ಕೈ ಹಿಡಿದು ದಡಕ್ಕೆ ಬಂದಳು. ಆಗಸ್ಟಿನಲ್ಲಿ ಹೊಸ ಹಣ ಬಂತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಮದುವೆಯಾಯಿತು.

*

ಮಣ್ಣು ಹಾಕಿಯಾದ ಮೇಲೆ ರೋಜಿಯ ಅಂಗಳದಲ್ಲಿ ಪ್ಲಮ್ ಸಾರಾಯಿ, ಅಕ್ರೋಟು ತುಂಬಿದ ರೊಟ್ಟಿ.

"ಭಾವ ಹೆಸರು ಕೇಳಿದ್ದು ನಂದು, ಮದುವೆ ಆಗಿದ್ದು ನಿನ್ನ," ಎಂದಳು ರೋಜಿ.

"ನಿಂಗೆ ಎಂಟು ವರ್ಷ ಕಣೇ ಆಗ."

"ಕಾಯಬಹುದಿತ್ತು."

ಗೆರ್ಗೆಯ್ ಎರಡನೇ ಲೋಟ ಎತ್ತಿದ. "ನದಿ ಮೇಲ್ಗಡೆ ಸೇತುವೆ ಆದಾಗ ಲಾರಿಗಳೆಲ್ಲ ಆ ಕಡೆ ಹೋದ್ವು. ಬೇಜಾರಾಯ್ತೇನೋ ಅಂದೆ. ಈಗ ಮಾತಾಡೋಕೆ ಪುರುಸೊತ್ತಾಯ್ತು ಅಂದ. ಎಂಥಾ ಮನುಷ್ಯ."

"ಅಕ್ಕಾ, ಇವತ್ತು ಇಲ್ಲೇ ಇರು."

"ಇಲ್ಲ ಕಣೇ, ಕೋಳಿಗಳಿಗೆ ಕಾಳು ಹಾಕಬೇಕು."

ಇಳಿಬಿಸಿಲಿನಲ್ಲಿ ತಾಯಿ ಮಗ ಇಬ್ಬರೇ ಹೊರಟರು. ನಡುನದಿಯಲ್ಲಿ ಎಟೆಲ್ಕಾ, "ಸ್ವಲ್ಪ ನಿಲ್ಲಿಸಪ್ಪ," ಎಂದಳು. ಬಾಲಿಂತ್ ಹಗ್ಗವನ್ನು ಬಿಗಿಹಿಡಿದು ನಿಂತ. ಅವಳು ದೋಣಿಯ ಅಂಚಿನಲ್ಲಿ ಕುಳಿತು, ಬೆಳಗಿನಿಂದ ಕಚ್ಚುತ್ತಿದ್ದ ಕರಿ ಬೂಟು ಕಳಚಿದಳು, ಕರಿ ಕಾಲುಚೀಲ ಕಳಚಿದಳು, ಲಂಗವನ್ನು ಮೊಣಕಾಲಿಗೆ ಎತ್ತಿ ಎರಡೂ ಪಾದಗಳನ್ನು ನೀರಿಗೆ ಇಳಿಬಿಟ್ಟಳು. ತೀಸಾ ಅವುಗಳ ಸುತ್ತ ಸಣ್ಣಗೆ ಸುಳಿ ಸುತ್ತಿ ಮುಂದೆ ಹರಿಯಿತು.