ಗುಂಡುಸೂಜಿಯ ಮೂವತ್ತು ದಿನ

ನನ್ನ ಮಗಳು ಎರಡೂವರೆ ತಿಂಗಳು ಮೊದಲೇ ಹುಟ್ಟಿದಳು. ತೂಕ ಒಂದೂಕಾಲು ಕೆಜಿ. ಅವಳ ಅಪ್ಪ ತೀರಿಕೊಂಡು ಆಗ ಐದು ವಾರವಾಗಿತ್ತು. ಮಾವ ಟೈಲರ್. ಅವಳನ್ನು ನೋಡಿ, "ಇದೇನಿದು, ಗುಂಡುಸೂಜಿ!" ಎಂದರು. ಅದೇ ಹೆಸರು ನಿಂತಿತು.

ಮೂರು ವಾರದ ಮೇಲೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ, ಮೂವತ್ತು ದಿನದೊಳಗೆ ಕಣ್ಣಿನ ಪರೀಕ್ಷೆ ಮಾಡಿಸಿ ಎಂದು ಚೀಟಿ ಕೊಟ್ಟರು. ಮಾವ ಕ್ಯಾಲೆಂಡರಿನ ಹಾಳೆ ಮಗುಚುತ್ತಾ ಹೋಗಿ, ಬಟ್ಟೆಗೆ ಗುರುತು ಮಾಡುವ ನೀಲಿ ಚಾಕಿನಲ್ಲಿ ಒಂದು ಸುತ್ತು ಹಾಕಿದರು. ಹೊಲಿಗೆ ಬೇಗ ಮುಗಿದರೂ ಅವರ ಅಂಗಡಿಯಲ್ಲಿ ಮೊದಲು ಹೇಳಿದ ತಾರೀಖೇ ತಾರೀಖು. ಹಾಗಾಗಿ ಹೆರಿಗೆಗೆ ಡಾಕ್ಟರು ಹೇಳಿದ್ದ ತಾರೀಖಿನಿಂದ ಮೂವತ್ತು ದಿನ ಎಣಿಸಿದ್ದರು. ನಾನು ನೋಡಿದೆ. ಆಗ ನಾನು ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ.

ಐದು ದಿನ ಕಳೆದು ಆಸ್ಪತ್ರೆಯ ನರ್ಸಮ್ಮ ಸಮವಸ್ತ್ರದ ಅಳತೆ ಕೊಡಲು ಮನೆ ಮುಂದಿನ ಅಂಗಡಿಗೆ ಬಂದರು.

"ಗುಂಡುಸೂಜಿಗೆ ಕಣ್ಣು ತೋರಿಸಿದ್ರಾ?"

"ಇನ್ನೂ ಬೇಕಾದಷ್ಟು ಟೈಮಿದೆ," ಎಂದು ಮಾವ ಸುತ್ತು ತೋರಿಸಿದರು.

"ಅಯ್ಯೋ ಟೈಲರಣ್ಣ! ಎಣಿಸಬೇಕಾದ್ದು ಹುಟ್ಟಿದ ದಿನದಿಂದ. ಇವತ್ತಿಗೆ ಇಪ್ಪತ್ತಾರು. ಉಳಿದಿರೋದು ನಾಲ್ಕೇ ದಿನ!"

ಅತ್ತೆ ಒಳಗಿನಿಂದ ಬಂದರು. "ಕಣ್ಣಿಗೇನಾಗಿದೆ? ಲೈಟ್ ಹಾಕಿದ್ರೆ ಪಿಳಿಪಿಳಿ ಅಂತ ನೋಡತ್ತೆ. ಸ್ವಲ್ಪ ಮೈ ತುಂಬ್ಲಿ, ಆಮೇಲೆ ಹೋದ್ರಾಯ್ತು. ಈ ಚಳೀಲಿ ಬಸ್ಸು ಹತ್ತಿಸೋದಾ? ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?"

ನರ್ಸಮ್ಮ ಮೇಜಿನ ಮೇಲಿದ್ದ ಕೋಟನ್ನು ಎತ್ತಿ ಹಿಡಿದರು. "ಅಣ್ಣ, ಹೊರಗಿಂದ ನೋಡಿ ಇದರ ಲೈನಿಂಗ್ ಹೇಗಿದೆ ಹೇಳಿ."

"ಅದ್ಹೇಗೆ ಹೇಳೋಕಾಗತ್ತೆ? ತಿರುಗಿಸಿ ನೋಡ್ಬೇಕು."

"ಕಣ್ಣೂ ಹಾಗೇನೇ. ಹಿಂದುಗಡೆ ಒಂದು ಪರದೆ ಇರತ್ತೆ. ಬೇಗ ಹುಟ್ಟಿದ ಮಕ್ಕಳಲ್ಲಿ ಅದರ ರಕ್ತನಾಳ ಪೂರ್ತಿ ಬೆಳೆದಿರಲ್ಲ. ಕೆಲವರಿಗೆ ಆಮೇಲೆ ಅಡ್ಡಾದಿಡ್ಡಿ ಬೆಳೆದು ಪರದೇನ ಜಗ್ಗತ್ತೆ. ಅದು ಕಿತ್ತು ಬಂದ್ರೆ ದೃಷ್ಟಿ ಹೋಯ್ತು. ಹೊರಗೆ ಏನೂ ಕಾಣಲ್ಲ. ಮಗು ಅಳೋದೂ ಇಲ್ಲ."

"ಕಿತ್ತರೆ ಮತ್ತೆ ಹೊಲಿಯೋಕಾಗಲ್ವಾ?" ಮಾವ ಕೇಳಿದರು.

"ತಡ ಆದ್ರೆ ಆಪರೇಷನ್ ಮಾಡಿದ್ರೂ ದೃಷ್ಟಿ ಬರೋದು ಕಷ್ಟ, ಅಣ್ಣ."

ಅತ್ತೆ ಒಪ್ಪಲಿಲ್ಲ. "ನಮ್ಮ ಮಗುಗೆ ಹಾಗೆಲ್ಲ ಆಗಲ್ಲ. ಹೋಗೋದು ಬೇಡ."

ನಾನು ಎದ್ದೆ. "ಹೋಗ್ತೀನಿ."

"ಏನಂದೆ?"

"ನಾಳೆ ಮೊದಲನೇ ಬಸ್ಸಿಗೆ ಹೋಗ್ತೀನಿ ಅತ್ತೆ. ಬೈಯೋದಿದ್ರೆ ಬಂದ ಮೇಲೆ ಬೈಯಿರಿ. ಅವರನ್ನ ಉಳಿಸ್ಕೊಳ್ಳೋಕೆ ನಂಗೆ ಯಾರೂ ನಾಲ್ಕು ದಿನ ಕೊಡ್ಲಿಲ್ಲ. ಇವಳಿಗೆ ನಾಲ್ಕು ದಿನ ಇದೆ. ಒಂದನ್ನೂ ಬಿಡಲ್ಲ."

ಮಾವ ಹೆಬ್ಬೆರಳಿನಿಂದ ಆ ಸುತ್ತನ್ನು ಒರೆಸಿದರು.

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅತ್ತೆ ನನಗಿಂತ ಮೊದಲೇ ನಿಂತಿದ್ದರು. "ಕೊಡು ಇಲ್ಲಿ. ನಿಂಗೆ ಮಗು ಹೊದಿಸೋಕೂ ಬರಲ್ಲ," ಎಂದು ಅವಳನ್ನು ಶಾಲಿನೊಳಗೆ ಎದೆಗೆ ಅವುಚಿಕೊಂಡರು.

ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು ಕಣ್ಣಿನ ಒಳಗೆ ನೋಡಿದರು. ಅವಳು ಕೆಲವು ನಿಮಿಷ ಅತ್ತಳು, ಅಷ್ಟೇ. "ಈಗ ಚಿಕಿತ್ಸೆ ಬೇಡ. ಮುಂದಿನ ವಾರ ಬನ್ನಿ." ಮುಂದಿನ ವಾರವೂ ಅದೇ ಮಾತು. "ಬೇಡ ಅಂದ್ಮೇಲೆ ಮತ್ತೆ ಯಾಕೆ?" ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ಬಸ್ಸು ಹತ್ತಿದರು. ಮೂರನೇ ಸಲ ಎರಡೂ ಕಣ್ಣಲ್ಲಿ ರೋಗ ಏರಿತ್ತು. ಮರುದಿನವೇ ಲೇಸರ್ ಚಿಕಿತ್ಸೆ ಮಾಡಿದರು.

ಆ ದಿನ ನಮ್ಮ ಜೊತೆ ಬಂದಿದ್ದ ಮಾವ ತಾವು ಸುತ್ತು ಹಾಕಿದ್ದ ತಾರೀಖು ಹೇಳಿ, "ಆವತ್ತು ಬಂದಿದ್ರೆ?" ಎಂದು ಕೇಳಿದರು. "ಅಷ್ಟು ಹೊತ್ತಿಗೆ ದೃಷ್ಟಿ ಉಳಿಸೋದು ಕಷ್ಟ ಆಗ್ತಿತ್ತು," ಎಂದರು ಡಾಕ್ಟರು.

ಈಗ ಅವಳಿಗೆ ಹನ್ನೊಂದು ತಿಂಗಳು. ಅವಳ ಕೈಗೆ ಸೂಜಿ ಸಿಗದಿರಲೆಂದು ಮಾವ ದಿನಕ್ಕೆ ನಾಲ್ಕು ಸಲ ನೆಲದ ಮೇಲೆ ಅಯಸ್ಕಾಂತ ಆಡಿಸುತ್ತಾರೆ. ನಿನ್ನೆ ಅವಳು ಅಂಬೆಗಾಲಿಟ್ಟು ಹೋಗಿ, ಕಪ್ಪು ನೆಲದ ಮೇಲಿದ್ದ ಕಪ್ಪು ದಾರವನ್ನು ಹೆಕ್ಕಿದಳು. "ನಂಗೇ ಕಂಡಿರ್ಲಿಲ್ಲ ಕಣ್ರೀ!" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು.

ನಿಮ್ಮ ಮಗು ಮೂವತ್ತನಾಲ್ಕು ವಾರ ತುಂಬುವ ಮೊದಲು ಹುಟ್ಟಿದೆಯೇ? ತೂಕ ಎರಡು ಕೆಜಿಗಿಂತ ಕಡಿಮೆಯಿತ್ತೇ? ಹುಟ್ಟಿದ ದಿನದಿಂದ ಮೂವತ್ತು ದಿನದೊಳಗೆ ಕಣ್ಣಿನ ಪರೀಕ್ಷೆ ಮಾಡಿಸಿ. ತೀರಾ ಪುಟ್ಟ ಮಗುವಾದರೆ ಎರಡು ಮೂರು ವಾರಕ್ಕೇ ಮಾಡಿಸಬೇಕು. ಆಸ್ಪತ್ರೆ ಬಿಡುವ ಮೊದಲೇ ಕೇಳಿ. ಸಾಕು ಎಂದು ಡಾಕ್ಟರು ಹೇಳುವ ತನಕ ಹೋಗುತ್ತಿರಿ. ಬೇಡ ಎನ್ನುವವರು ಮನೆಯಲ್ಲೇ ಇರುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಏಳಿ. ಮೊದಲನೇ ಬಸ್ಸು ಹತ್ತಿ. ಬೈಗುಳವನ್ನು ಬಂದ ಮೇಲೆ ಕೇಳಿಸಿಕೊಳ್ಳಬಹುದು.